ಕೇಶರ ಕಿವಿ ಮುಟ್ಟಿದ ದಿನ

ನನ್ನ ಅಕ್ಷರ ಸೊಟ್ಟ, ಮಾತೂ ಸಾಲದು, ಕ್ಷಮಿಸಿ ಓದಿರಿ.

ತಲೆಯ ಮೇಲಿಂದ ಕೈ ಚಾಚಿ ಆಚೆಯ ಕಿವಿ ಮುಟ್ಟಿದರೆ ಮಗುವಿಗೆ ಶಾಲೆಯ ವಯಸ್ಸಾಯಿತೆಂದು ನಮ್ಮೂರು ಡಾಬಕಾದಲ್ಲಿ ಲೆಕ್ಕ. ಊರು ಗುಳೆ ಹೊರಟಿರುವ ಈ ಬರದಲ್ಲಿ, ಐದು ವರ್ಷದ ಕೇಶರ ಇಂದು ಕುತ್ತಿಗೆ ಓರೆ ಮಾಡಿ ಕಿವಿ ಮುಟ್ಟಿಬಿಟ್ಟಳು.

"ಅವ್ವಾ, ಮುಟ್ಟಿದೆ ನೋಡು! ಸಾಲಿಗಿ ಹೋಗ್ತೇನಿ."

"ಭಲೇ, ದೊಡ್ಡಾಕಿ ಆದಿ!" ತಾಯಿ ಸುಭದ್ರಾಬಾಯಿ ನಗುತ್ತಾ ಆರು ತಿಂಗಳ ಕೂಸನ್ನು ಕೇಶರಳ ಸೊಂಟಕ್ಕೆ ಹಳೆಯ ಸೀರೆಯಿಂದ ಕಟ್ಟಿದಳು. "ನಾಳಿ ಬೀದರದ ಕೊಳಾರ ಕಾರ್ಖಾನಿಗೋಳಿಗಿ ಕೂಲಿಗಿ ಹೋಗ್ತೇವಿ. ತಮ್ಮನ್ನ ನೀನೇ ನೋಡ್ಕೋಬೇಕು."

"ಇಲ್ಲವ್ವಾ, ಕುತ್ತಿಗಿ ಡೊಂಕು ಮಾಡಿದ್ದೆ. ನಾ ಇನ್ನಾ ಸಣ್ಣಾಕಿ!"

"ಸಾಲಿಗಿ ದೊಡ್ಡಾಕಿ, ಕೂಸಿಗಿ ಸಣ್ಣಾಕೇನ?" ತಾಯಿ ಗಂಟನ್ನು ಇನ್ನಷ್ಟು ಬಿಗಿದಳು.

ನಾಳೆ ಬೆಳಿಗ್ಗೆ ಕೇಶರ ತಮ್ಮನನ್ನು ಹೊತ್ತು ಲಾರಿ ಹತ್ತುತ್ತಾಳೆ.