ಕೆಳಗೆ ಬಾರದ ಲಿಂಬೆಹಣ್ಣು

ಯಮನಪ್ಪ, ಆ ದಿನ ಲಿಂಬೆಹಣ್ಣನ್ನು ನಾನು ಪೈಪಿನೊಳಗೆ ಬಿಡಲೇ ಇಲ್ಲ.

ಇಷ್ಟೇ ವಿಷಯ. ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ನಗುನಗುತ್ತಲೇ ಓಡಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಗಿರಾಕಿಗಳಿಗೆ ಕೇಳದಿದ್ದರೂ ಇನ್ನೊಂದು ಸೌಟು ಸಾಂಬಾರು ಹಾಕಿದೆ, ಓಣಿಯವರ ಬಾಯಲ್ಲಿ ಒಳ್ಳೆಯ ಹೆಂಗಸು ಎನ್ನಿಸಿಕೊಂಡೆ.

ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ನಾಸಿಕಕ್ಕೆ ಬಂದವಳು. ದೇವಳಾಲಿ ಕ್ಯಾಂಪಿನ ಹತ್ತಿರದ ಓಣಿಯೊಂದರ ಮೇಲಿನ ತುದಿಯಲ್ಲಿ ನಮ್ಮ ಮನೆ. ಕೆಳ ಅಂತಸ್ತಿನಲ್ಲಿ ಮಾವನವರು ಕಟ್ಟಿದ ಸಸ್ಯಾಹಾರಿ ಹೋಟೆಲು, ಮೇಲೆ ನಮ್ಮ ಸಂಸಾರ. ಓಣಿ ಇಳಿಯುತ್ತ ಹೋಗಿ ದೊಡ್ಡ ರಸ್ತೆ ಸೇರುವಲ್ಲಿ ನಿವೃತ್ತ ಸುಭೇದಾರರ ಮನೆ. ಮೊದಲೆಲ್ಲ ಪ್ರತಿ ಮನೆಯ ಹಿತ್ತಿಲಲ್ಲೂ ಒಂದು ಸೆಪ್ಟಿಕ್ ಟ್ಯಾಂಕು ಇತ್ತು. ದೊಡ್ಡ ರಸ್ತೆಯವರೆಗೆ ಊರಿನ ಒಳಚರಂಡಿ ಬಂದ ಮೇಲೆ, ಓಣಿಯವರೆಲ್ಲ ಸೇರಿ ಮನೆಗಳ ಹಿಂದೆ ಒಂದೇ ಲೈನು ಹಾಕಿಸುವುದೆಂದು ತೀರ್ಮಾನವಾಯಿತು. ಆ ಕೆಲಸ ಹಿಡಿದು ಬಂದವರು ನೀವು. ಮುದ್ದೇಬಿಹಾಳದ ಕಡೆಯ ಯಮನಪ್ಪ ಮೇಸ್ತ್ರಿ ಎಂದರೆ ಆಗ ಕ್ಯಾಂಪಿನ ಸುತ್ತಮುತ್ತ ಹೆಸರಿತ್ತು.

ನಿಮ್ಮ ಕೆಲಸ ನೋಡುವುದು ನನಗೊಂದು ಹುಚ್ಚಾಗಿತ್ತು. ಮರಾಠಿ ಓಣಿಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ ಎಂಬ ಆಸೆಯೂ ಇತ್ತೆನ್ನಿ. ನೀರು ತುಂಬಿದ ಉದ್ದನೆಯ ನಳಿಗೆಯ ಎರಡು ತುದಿ ಹಿಡಿದು ಮಟ್ಟ ನೋಡುವಿರಿ. ಗುಂಡಿಯ ತಳಕ್ಕೆ ಮರಳು ಹಾಸಿ, ಪೈಪು ಕೂರಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುವಿರಿ. ಮನಸ್ಸಿಗೆ ಬಾರದಿದ್ದರೆ ಎತ್ತಿ ಮತ್ತೆ ಕೂರಿಸುವಿರಿ. ಇಳಿಜಾರಿಗೆ ನೀವು ಢಾಳ ಎನ್ನುತ್ತಿದ್ದಿರಿ. ಢಾಳ ಕಡಿಮೆಯಾದರೆ ಹೊಲಸು ನಿಲ್ಲುತ್ತದೆ, ಹೆಚ್ಚಾದರೆ ನೀರು ಮಾತ್ರ ಓಡಿಹೋಗಿ ಹೊಲಸು ಹಿಂದೆ ಉಳಿಯುತ್ತದೆ ಎಂದು ನನಗೆ ಹೇಳಿಕೊಟ್ಟವರು ನೀವೇ.

ಮಣ್ಣು ಮುಚ್ಚುವ ಮೊದಲು ನಿಮ್ಮದೊಂದು ಪದ್ಧತಿ. ಕುಂಕುಮ ಹಚ್ಚಿದ ಲಿಂಬೆಹಣ್ಣನ್ನು ಮೇಲಿನ ಚೇಂಬರಿನಲ್ಲಿ, ಎಂದರೆ ಲೈನು ಶುರುವಾಗುವ ಮುಚ್ಚಳದ ಗುಂಡಿಯಲ್ಲಿ, ಬಿಟ್ಟು ಹಿಂದೆಯೇ ಒಂದು ಕೊಡ ನೀರು ಸುರಿಯಬೇಕು. ಹಣ್ಣು ಎಲ್ಲೂ ನಿಲ್ಲದೆ ಕೆಳಗಿನ ಚೇಂಬರಿಗೆ ಬಂದರೆ ಕೆಲಸ ಸರಿ. ಮೇಲಿನ ಮನೆಯ ಹೆಣ್ಣುಮಗಳೇ ಬಿಡಬೇಕು ಎಂದು ಹಣ್ಣನ್ನು ನನ್ನ ಕೈಗೆ ಕೊಟ್ಟಿರಿ. ಬಿಟ್ಟು, ನೀರು ಸುರಿದು, ಸೀರೆ ಎತ್ತಿಕೊಂಡು ನಾನೂ ಕೆಳಗೆ ಓಡಿದ್ದೆ. ಅಷ್ಟರಲ್ಲಿ ನಿಮ್ಮ ಅಂಗೈಯಲ್ಲಿ ಹಣ್ಣಿತ್ತು, ಸುಭೇದಾರರು ಚಪ್ಪಾಳೆ ತಟ್ಟುತ್ತಿದ್ದರು. ಆ ದಿನ ನನಗೆ ನಮ್ಮವರೇ ಗೆದ್ದಂತಾಗಿತ್ತು.

ಇನ್ನು ನಮ್ಮ ಮನೆಯ ಮಾತು. ಓಣಿಯವರು ಹೋಟೆಲಿನ ನೀರನ್ನು ಈ ಲೈನಿಗೆ ಸೇರಿಸಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ — ಪಾತ್ರೆ ತೊಳೆದ ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಂತು, ಎಣ್ಣೆ ಜಿಡ್ಡೆಲ್ಲ ಮೇಲೆ ಕಟ್ಟಿ, ತಿಳಿನೀರಷ್ಟೇ ಮುಂದೆ ಹೋಗಬೇಕು. ತೊಟ್ಟಿಯನ್ನು ನೀವೇ ಕಟ್ಟಿಕೊಟ್ಟಿರಿ. ಆದರೆ ಅದನ್ನು ಆಗಾಗ ತೆರೆದು ಜಿಡ್ಡು ತೆಗೆಯಬೇಕಲ್ಲ? ತೆಗೆಯುವವನು ಅಡುಗೆಮನೆ ದಾಟಿಯೇ ಹಿತ್ತಿಲಿಗೆ ಬರಬೇಕು. ಅತ್ತೆಯವರಿಗೆ ಮಡಿ. ರುಬ್ಬಿದ ಹಿಟ್ಟು ಇಟ್ಟಲ್ಲಿ ಆ ನಾತ, ಆ ಮನುಷ್ಯ — ಆಗಲಿಕ್ಕಿಲ್ಲ ಎಂದುಬಿಟ್ಟರು. ನಮ್ಮ ಮಡಿಯ ಸೊಬಗು ನೋಡಿ: ಕೊಳಕನ್ನು ನಮ್ಮ ಬಾಗಿಲಲ್ಲಿ ತೆರೆಯಬಾರದು, ಊರಿನ ಪೈಪಿನಲ್ಲಿ ಎಷ್ಟು ಬೇಕಾದರೂ ಬಿಡಬಹುದು. ಮನೆಯವರು ಯಾರನ್ನೋ ಕರೆಸಿ ತೊಟ್ಟಿಯನ್ನು ತಪ್ಪಿಸಿ ನೆಲದಡಿಯಲ್ಲೇ ನೇರ ಪೈಪು ಹಾಕಿಸಿದರು. ನಾನು ನೋಡುತ್ತ ನಿಂತಿದ್ದೆ. ಹೊಸ ಸೊಸೆಯೇನಲ್ಲ, ಬಾಯಿ ಇತ್ತು. ಆಡಲಿಲ್ಲ.

ಮುಂದೆ ಆಗುವುದು ಆಯಿತು. ಹೋಳಿಗೆಯ ತುಪ್ಪ, ವಡೆಯ ಎಣ್ಣೆ, ಇಡ್ಲಿಹಿಟ್ಟು ತೊಳೆದ ನೀರು ಎಲ್ಲ ಒಳಗೆ ಗಟ್ಟಿಯಾಗುತ್ತ ಹೋಗಿ, ಒಂದು ಬೆಳಿಗ್ಗೆ ಸುಭೇದಾರರ ಬಚ್ಚಲಿನಲ್ಲಿ ಓಣಿಯ ಹೊಲಸೆಲ್ಲ ಉಕ್ಕಿ ಬಂತು. ಬಿದಿರಿನ ಸೀಳು ಹಾಕಿ ಚುಚ್ಚಿ ಚುಚ್ಚಿ ಹೇಗೋ ಲೈನು ಬಿಡಿಸಿದರು. ಕಟ್ಟಿದ್ದೇನು ಎಂದು ಯಾರೂ ನೋಡಲಿಲ್ಲ, ಅದು ಆಗಲೇ ದೊಡ್ಡ ಚರಂಡಿಗೆ ಹೋಗಿಯಾಗಿತ್ತು. ಮೇಸ್ತ್ರಿಯ ಇಳಿಜಾರೇ ತಪ್ಪು ಎಂದು ಓಣಿಯಲ್ಲಿ ಮಾತೆದ್ದಿತು. ನಿಮ್ಮನ್ನು ಕರೆಸಿದರು.

ನೀವು ಜಗಳವಾಡಲಿಲ್ಲ. ನಾಳೆ ಎಲ್ಲರೂ ಕೆಳಗಿನ ಚೇಂಬರಿನ ಹತ್ತಿರ ಬನ್ನಿ, ಹಣ್ಣು ಬಿಡೋಣ, ಬಾರದಿದ್ದರೆ ತಪ್ಪು ನನ್ನದು ಎಂದಿರಿ. ಅದನ್ನು ಕೇಳಿಸಿಕೊಂಡು ಬಂದ ನನ್ನ ಗಂಡ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಒಂದು ಮಾತು ಆಡಿದರು.

"ಹಣ್ಣು ಕೆಳಗೆ ಬಂದ್ರೆ, ಮತ್ತೆ ನಮ್ಮ ಅಡುಗೆಮನೆ ನೋಡ್ಲಿಕ್ಕೆ ಬರ್ತಾರೆ."

ಅಷ್ಟೇ ಅಂದದ್ದು. ಹಾಗೆ ಮಾಡು, ಹೀಗೆ ಮಾಡು ಎಂದು ಅವರು ಹೇಳಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು, ಏಕೆಂದರೆ ಬಹಳ ಕಾಲ ನಾನು ಅವರ ಆ ಮಾತಿನ ಮರೆಯಲ್ಲಿ ಕೂತಿದ್ದೆ.

ಮರುದಿನ ನೀವು ಹಿತ್ತಿಲಿಗೆ ಬಂದು ಕುಂಕುಮದ ಹಣ್ಣನ್ನು ನನ್ನ ಕೈಯಲ್ಲಿಟ್ಟಿರಿ. "ಕೂಗ್ತೀನ್ರಿ ಅಕ್ಕಾರ, ಆಗ ಬಿಡ್ರಿ. ನಿಮ್ಮ ಕೈ ಚಲೋ ಐತಿ" ಎಂದು ಹೇಳಿ ಇಳಿದು ಹೋದಿರಿ. ಓಣಿಯ ಜನವೆಲ್ಲ ಕೆಳಗೆ. ಮೇಲೆ ನಾನೊಬ್ಬಳೇ. ಚೇಂಬರಿನ ಮುಚ್ಚಳ ತೆರೆದಿತ್ತು, ಪಕ್ಕದಲ್ಲಿ ಕೊಡ ತುಂಬಿತ್ತು. ನಿಮ್ಮ ಕೂಗು ಕೇಳಿಸಿತು. ಮುಷ್ಟಿ ಬಿಚ್ಚಬೇಕಿತ್ತು — ಅಷ್ಟೇ ಕೆಲಸ. ಹೋಟೆಲು ಮುಚ್ಚಿದರೆ ಎಲ್ಲಿಗೆ ಹೋಗುವುದು, ಮಾವನವರ ಮುಖ ಹೇಗೆ ನೋಡುವುದು, ಮಕ್ಕಳ ಶಾಲೆ... ಇಲ್ಲ, ಅಷ್ಟೆಲ್ಲ ಯೋಚಿಸಿದೆ ಎಂದು ಈಗ ಅನ್ನಿಸುತ್ತದೆ. ಆಗ ಏನೂ ಯೋಚಿಸಿರಲಿಲ್ಲ. ಎಡಗೈಯಲ್ಲಿ ಹಣ್ಣು ಹಿಡಿದುಕೊಂಡೇ ಬಲಗೈಯಿಂದ ಕೊಡ ಓರೆ ಮಾಡಿದೆ. ನೀರು ಹೋಯಿತು.

"ಬಿಟ್ಟೀರೇನ್ರಿ?" ಎಂದು ಕೂಗಿದಿರಿ.

"ಬಿಟ್ಟೆ" ಎಂದೆ.

ಇನ್ನೂ ಕೊಡ ಸುರಿಯಲು ಹೇಳಿದಿರಿ, ಸುರಿದೆ. ಎಲ್ಲ ಮುಗಿದ ಮೇಲೆ ಹಣ್ಣನ್ನು ನಲ್ಲಿಯಲ್ಲಿ ತೊಳೆದು, ಕುಂಕುಮ ಹೋಗಿದೆಯೇ ಎಂದು ನೋಡಿ, ಅಡುಗೆಮನೆಯ ಬುಟ್ಟಿಯಲ್ಲಿದ್ದ ಲಿಂಬೆಹಣ್ಣುಗಳ ನಡುವೆ ಹಾಕಿ ಕೆಳಗಿಳಿದೆ. ನೀವು ಚೇಂಬರಿನೊಳಗೆ ಮೊಣಕಾಲೂರಿ ಪೈಪಿನ ಬಾಯಿಗೆ ಕೈ ಹಾಕಿ ತಡವುತ್ತಿದ್ದಿರಿ. ಇನ್ನೊಂದು ಹಣ್ಣು ಬಿಟ್ಟು ನೋಡೋಣವೇ ಎಂದು ಸುಭೇದಾರರೇ ಕೇಳಿದರು. ಬೇಡವೆಂದು ತಲೆಯಾಡಿಸಿದವರು ನೀವು. ಮೊದಲಿನದು ಒಳಗೆ ಸಿಕ್ಕಿಕೊಂಡಿದೆ, ಎರಡನೆಯದು ಅದರ ಹಿಂದೆ ಹೋಗಿ ನಿಲ್ಲುತ್ತದೆ ಎಂದಿರಿ. ಎದ್ದು ನಿಂತು, ಎಲ್ಲರ ಮುಂದೆ ತಲೆಗೆ ಸುತ್ತಿದ ಟವೆಲು ತೆಗೆದಿರಿ.

"ಢಾಳ ತಪ್ಪೇತ್ರಿ. ತಪ್ಪು ನಂದು."

ಬಿಸಿಲಿಗೆ ನಿಂತವರಿಗೆಂದು ಮನೆಯವರು ಹೋಟೆಲಿನಿಂದ ಪಾನಕ ತರಿಸಿದರು. ಆ ಬುಟ್ಟಿಯ ಹಣ್ಣುಗಳನ್ನೇ ಹಿಂಡಿದ ಪಾನಕ. ನೀವೂ ಒಂದು ಲೋಟ ಕುಡಿದಿರಿ. ಲೋಟ ತೊಳೆದು ಬೋರಲು ಹಾಕಿ ನನಗೆ ಕೈಮುಗಿದಿರಿ. ಆ ಲೋಟಗಳು ಈಗಲೂ ಹೋಟೆಲಿನಲ್ಲಿವೆ.

ನಾನೇ ಅಗೆದು ಸರಿ ಮಾಡಿಕೊಡುತ್ತೇನೆಂದು ನೀವು ಬೇಡಿಕೊಂಡರೂ ಓಣಿಯವರು ಕೇಳಲಿಲ್ಲ. ಬೇರೆಯವರು ಯಂತ್ರ ತಂದು ನಿಮ್ಮ ಪೈಪುಗಳನ್ನೆಲ್ಲ ಒಡೆದು ಎತ್ತಿ ಲಾರಿಗೆ ತುಂಬಿದರು. ನಾನು ಮಾಳಿಗೆಯ ಕಿಟಕಿಯಲ್ಲಿ ನಿಂತಿದ್ದೆ. ಒಳಗೆ ಸಿಕ್ಕಿಕೊಂಡ ಹಣ್ಣು ಎಲ್ಲಿ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿದೆ. ಯಾರೂ ಕೇಳಲಿಲ್ಲ. ಪಕ್ಕದ ಓಣಿಯಲ್ಲಿ ನಿಮಗೆ ಒಪ್ಪಿಸಿದ್ದ ಕೆಲಸ ತಪ್ಪಿತು, ನಿಮ್ಮ ಜೊತೆಯವರು ಬೇರೆ ಮೇಸ್ತ್ರಿಗಳ ಹಿಂದೆ ಹೋದರು, ನೀವು ಊರು ಬಿಟ್ಟಿರಿ ಎಂದು ಒಬ್ಬೊಬ್ಬರಿಂದ ತಿಳಿಯಿತು. ಅಯ್ಯೋ ಪಾಪ ಎಂದು ನಾನೂ ಅಂದೆ. ನನ್ನ ನಾಲಿಗೆಗೆ ನಾಚಿಕೆ ಎಂಬುದಿರಲಿಲ್ಲ.

ಹೊಸ ಲೈನು ಇವತ್ತಿನವರೆಗೆ ಒಮ್ಮೆಯೂ ಕಟ್ಟಿಲ್ಲ. ಏಕೆಂದರೆ ನಾನು ಹಟ ಹಿಡಿದು ಮತ್ತೆ ತೊಟ್ಟಿಗೆ ಜೋಡಣೆ ಮಾಡಿಸಿದೆ, ಜಿಡ್ಡನ್ನು ನನ್ನ ಕೈಯಾರೆ ತೆಗೆಯುತ್ತೇನೆ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಆದರೆ ಓಣಿಯವರು ಹೇಳುವುದೇ ಬೇರೆ: ನೋಡಿ, ಇದು ಕೆಲಸ ಎಂದರೆ, ಆ ಕಾನಡಿ ಮೇಸ್ತ್ರಿಗೆ ಬರುತ್ತಲೇ ಇರಲಿಲ್ಲ. ನಾನು ತೊಟ್ಟಿ ತೊಳೆದಷ್ಟೂ ನಿಮ್ಮ ತಪ್ಪು ಗಟ್ಟಿಯಾಗುತ್ತ ಹೋಗುತ್ತದೆ. ತೊಳೆಯದೆ ಬಿಟ್ಟರೆ ಸುಭೇದಾರರ ಬಚ್ಚಲು. ಹೀಗೆ ಎರಡು ಕಡೆಯೂ ಬಾಗಿಲು ಹಾಕಿಕೊಂಡು ನಡುವೆ ಕೂತಿದ್ದೇನೆ, ಹಾಕಿದವಳೂ ನಾನೇ.

ಹೋದ ವರ್ಷ ನನ್ನ ತಮ್ಮ ಸಂಭಾಜಿನಗರದಲ್ಲಿ ಹೋಟೆಲು ತೆರೆದ. ಪೂಜೆಗೆ ಹೋದವಳು ಚಿಕಲಠಾಣಾದ ಹತ್ತಿರ ಹೊಸ ಮನೆಗಳ ಮುಂದೆ ಗುಂಡಿ ತೋಡುತ್ತಿದ್ದಲ್ಲಿ ಕನ್ನಡ ಕೇಳಿ ನಿಂತೆ. ಗುಂಡಿಯಿಂದ ತಲೆಯೆತ್ತಿ ನೀವೇ ಗುರುತು ಹಿಡಿದಿರಿ. ಎಷ್ಟು ಖುಷಿಪಟ್ಟಿರಿ! ಮಗಳು ಸವಿತಾಳಿಂದ ಚಹಾ ತರಿಸಿದಿರಿ. ಈಗ ಹಣ್ಣು ಬಿಡುವ ಪದ್ಧತಿ ಇದೆಯೇ ಎಂದು ಕೇಳಿದೆ — ಆ ಪ್ರಶ್ನೆ ನನ್ನ ಬಾಯಿಂದ ಹೇಗೆ ಬಂತೋ.

"ಈಗ ಢಾಳ ನಾ ನೋಡೂದಿಲ್ರಿ ಅಕ್ಕಾರ. ಬ್ಯಾರೇದವ್ರು ನೋಡ್ತಾರ, ನಾ ಬರೇ ಅಗೀತೀನಿ. ನಿಮ್ಮ ಓಣ್ಯಾಗ ಎಲ್ಲಿ ತಪ್ಪಿತು ಅನ್ನೂದು ಇನ್ನೂ ತಿಳೀವಲ್ದು ನೋಡ್ರಿ. ಮಲಗಿದಾಗ ಒಂದೊಂದ ಪೈಪ ಮತ್ತ ಜೋಡಿಸ್ಕೋಂತ ಬರ್ತೀನಿ. ಎಲ್ಲಾ ಸರಿನ ಅದಾವು. ಆದ್ರೂ ಹಣ್ಣ ಬರಲಿಲ್ಲಲ್ರಿ."

ಆಗ ಹೇಳಬಹುದಿತ್ತು. ನೀವೇ ಬಾಗಿಲು ತೆರೆದು ಕೊಟ್ಟಿದ್ದಿರಿ. ನಾನು ಹೇಳಿದ್ದು, "ಹೋಗ್ಲಿ ಬಿಡಿ, ಹಳೇ ಮಾತು." ಹೆಸರು ಕಳೆದದ್ದು ಒಂದು ಪಾಪ. ನಿಮ್ಮ ಕಣ್ಣು, ಕೈಗಳ ಮೇಲೆ ನಿಮಗೇ ಇದ್ದ ನಂಬಿಕೆಯನ್ನು ಕಿತ್ತುಕೊಂಡದ್ದು ಅದಕ್ಕಿಂತ ದೊಡ್ಡದು ಎಂದು ಆ ಗುಂಡಿಯ ಅಂಚಿನಲ್ಲಿ ಗೊತ್ತಾಯಿತು. ಗೊತ್ತಾಗಿಯೂ ಚಹಾ ಕುಡಿದು ಎದ್ದು ಬಂದೆ.

ಇದನ್ನು ಬರೆಯುವಾಗ ಕಾಗದ ಹಾಕಿಬಿಡೋಣ ಎಂದುಕೊಂಡಿದ್ದೆ. ಆಮೇಲೆ ನೆನಪಾಯಿತು, ನಿಮಗೆ ಓದು ಬಾರದು. ಸವಿತಾಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ, ಕನ್ನಡ ಅಕ್ಷರ ಗೊತ್ತಿಲ್ಲ; ಮರಾಠಿ ಬರೆಯಲು ನನಗೆ ಬಾರದು. ಕಾಗದದ ಹಿಂದೆ ಅಡಗುವ ದಾರಿಯೂ ಮುಚ್ಚಿತು. ಬಾಯಿಯಿಂದಲೇ ಹೇಳಬೇಕು. ನಿಮ್ಮ ಪೈಪುಗಳು ಎಂದೋ ಪುಡಿಯಾದವು, ಸಾಕ್ಷಿಯೆಂದು ಉಳಿದಿರುವುದು ನಾನೊಬ್ಬಳೇ.

ಮನೆಯವರಿಗೆ ಹೇಳಿದೆ. ಈಗ ಯಾಕೆ ಎಂದು ಕೇಳಿದರು. ಬರುವ ಭಾನುವಾರ ಓಣಿಯವರ ಸಭೆಯಿದೆ. ನೀವು ಟವೆಲು ತೆಗೆದು ನಿಂತ ಜಾಗದಲ್ಲೇ ನಿಂತು ಮೊದಲು ಅವರಿಗೆ ಮರಾಠಿಯಲ್ಲಿ ಹೇಳುತ್ತೇನೆ. ಹೋಟೆಲಿನ ಗತಿ ಆಮೇಲೆ ಏನಾಗುತ್ತದೋ ಆಗಲಿ. ಸೋಮವಾರ ಸಂಭಾಜಿನಗರದ ಬಸ್ಸು. ಕ್ಷಮಿಸಿ ಎಂದು ಕೇಳುವುದಿಲ್ಲ, ಅದನ್ನು ಕೇಳಿದರೆ ಮತ್ತೆ ನಿಮ್ಮಿಂದಲೇ ಏನೋ ಪಡೆದಂತೆ. ಒಂದೇ ಮಾತು ಹೇಳಿ ಬರಬೇಕು.

ಯಮನಪ್ಪ, ನಿಮ್ಮ ಢಾಳ ಸರಿ ಇತ್ತು. ಇನ್ನು ಮಲಗಿದಾಗ ಆ ಪೈಪುಗಳನ್ನು ಜೋಡಿಸಬೇಡಿ. ಹಣ್ಣು ನನ್ನ ಎಡಗೈಯಲ್ಲಿತ್ತು.