ಚಂದ್ರಿಗೆ ನಾನು ಮಾಡಿದ ಪೂಜೆ

ತರಕಾರಿ ಅಂಗಡಿಯಲ್ಲಿ ಬೂದುಗುಂಬಳಕಾಯಿ ಕಂಡರೆ ಸಾಕು, ನಾನು ಮುಖ ತಿರುಗಿಸಿಕೊಂಡು ಬೀನ್ಸ್ ಆರಿಸಲು ಶುರು ಮಾಡುತ್ತೇನೆ. ಇವತ್ತೂ ಹಾಗೇ ಆಯಿತು. "ಮಜ್ಜಿಗೆಹುಳಿಗೆ ಕುಂಬಳಕಾಯಿ ತನ್ನಿ ಅಂದ್ರೆ ಮತ್ತೆ ಬೀನ್ಸ್ ತಂದ್ರಾ?" ಎಂದು ನನ್ನಾಕೆ ಗೊಣಗಿದಳು. ಅವಳಿಗೆ ಕಾರಣ ಗೊತ್ತು. ನಿಮಗೂ ಹೇಳಿಬಿಡುತ್ತೇನೆ, ನಾಚಿಕೆಯಾಗುವ ಸಂಗತಿಯೇ ಆದರೂ.

ನಿವೃತ್ತಿಯಾದ ಹೊಸದರಲ್ಲಿ ನಾವು ತ್ಯಾಗರಾಜನಗರದ ಬಾಡಿಗೆ ಮನೆ ಬಿಟ್ಟು ಬಿಳೇಕಹಳ್ಳಿಯ ಫ್ಲ್ಯಾಟಿಗೆ ಬಂದೆವು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಚಂದ್ರಿ ಎಂಬ ಬಿಳಿ ಹೆಣ್ಣುಕುದುರೆ, ಅವಳನ್ನು ಸಾಕಿದ ಸಿದ್ದರಾಜು. ಮದುವೆ ಮೆರವಣಿಗೆಯಲ್ಲಿ ಗಂಡನ್ನು ಕೂರಿಸಿಕೊಂಡು ಹೋಗುವುದು ಚಂದ್ರಿಯ ಉದ್ಯೋಗ. ಉದ್ಯೋಗವಿಲ್ಲದವನು ನಾನೊಬ್ಬನೇ. ಪೇಪರ್ ಓದಿ ಮುಗಿಸಿ ಅವರಿಬ್ಬರನ್ನೂ ನೋಡುತ್ತ ನಿಲ್ಲುತ್ತಿದ್ದೆ.

ಜೀವಮಾನವಿಡೀ ಆಫೀಸಿನಲ್ಲಿ ಸಲಹೆ ಕೊಟ್ಟ ಬಾಯಿ ಸುಮ್ಮನಿರುತ್ತದೆಯೇ? ಆಯುಧಪೂಜೆಯ ಬೆಳಗ್ಗೆ ನನ್ನ ಸ್ಕೂಟರಿನ ಪೂಜೆ ಮುಗಿಸಿ ಆರತಿ ತಟ್ಟೆ, ಇನ್ನೊಂದು ಬೂದುಗುಂಬಳಕಾಯಿ ಹಿಡಿದು ಶೆಡ್ಡಿಗೇ ಹೋದೆ. "ನಿನ್ನ ಗಾಡಿ ಇವಳೇ ಅಲ್ವೇನಯ್ಯಾ? ಇವಳಿಗೂ ಆಗ್ಬೇಕು!"

"ಹೂವು, ಕುಂಕುಮ ಸಾಕು ಸಾರ್. ಬೆಚ್ಚಿಬೀಳ್ತಾಳೆ."

"ಬ್ಯಾಂಡಿಗೇ ಹೆದರದೋಳು ಇದಕ್ಕೆ ಹೆದರ್ತಾಳಾ?"

"ಅದು ಅಭ್ಯಾಸ ಆಗಿದೆ ಸಾರ್. ಇದು ಹೊಸದು."

"ನಾನಿದೀನಲ್ಲ. ನೀನು ಗಟ್ಟಿಯಾಗಿ ಹಿಡ್ಕೊ."

ಹಿರಿಯರ ಮಾತು ಮೀರಬಾರದೆಂದು ಅವನು ಕಡಿವಾಣ ಹಾಕಿ ಹಿಡಿದು ನಿಂತ. ನಾನು ಉರಿಯುವ ಕರ್ಪೂರವನ್ನು ಅವಳ ಕಣ್ಣೆದುರೇ ಬೆಳಗಿದೆ. ಆಮೇಲೆ ಸ್ಕೂಟರಿನ ಮುಂದೆ ಒಡೆದ ಹಾಗೆಯೇ ಕುಂಬಳಕಾಯಿಯನ್ನು ಎತ್ತಿ ಅವಳ ಮುಂಗಾಲಿನ ಹತ್ತಿರ ಅಪ್ಪಳಿಸಿದೆ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಚಂದ್ರಿ ಮುಂಗಾಲೆತ್ತಿ ನಿಂತಳು, ಸಿದ್ದರಾಜುವಿನ ಅಂಗೈ ಸುಲಿಯುವಂತೆ ಹಗ್ಗ ಕಿತ್ತುಕೊಂಡಳು, ಬನ್ನೇರುಘಟ್ಟ ರಸ್ತೆಯ ಬಸ್ಸುಗಳ ನಡುವೆ ಓಡಿದಳು. ಪುಣ್ಯಕ್ಕೆ ರಸ್ತೆಯಲ್ಲಿ ಯಾರಿಗೂ ಏನೂ ಆಗಲಿಲ್ಲ; ಸಿದ್ದರಾಜು ಅವಳನ್ನು ಹಿಡಿದು ತಂದ.

ಆದರೆ ಮರುದಿನದಿಂದ ಸಿದ್ದರಾಜು ಕಡಿವಾಣ ಕೈಗೆತ್ತಿಕೊಂಡರೆ ಅವಳು ಕಿವಿಗಳನ್ನು ಹಿಂದಕ್ಕೆ ಒತ್ತಿ, ಹಿಂಭಾಗ ತಿರುಗಿಸಿ ಒದೆಯಲು ನಿಲ್ಲುತ್ತಿದ್ದಳು. ಮದುವೆ ಸೀಸನ್ ಹತ್ತಿರ ಬಂದಿತ್ತು. "ಹೀಗೇ ಆದ್ರೆ ಯಾರಿಗಾದ್ರೂ ಕೊಟ್ಬಿಡ್ಬೇಕಾಗತ್ತೆ ಸಾರ್" ಎಂದ. ನನ್ನಿಂದಲೇ ಆಯಿತಲ್ಲ ಎಂದೆ. "ನಿಮ್ದೇನಿಲ್ಲ ಬಿಡಿ. ಹಿಡ್ಕೊಂಡು ನಿಂತಿದ್ದು ನಾನಲ್ವಾ? ಅವಳು ನಂಬಿದ್ದು ನನ್ನನ್ನ." ನಾಲ್ಕು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ಅವನು ದಿನವೂ ಬರಿಗೈಯಲ್ಲಿ ಶೆಡ್ಡಿನ ಮೂಲೆಯಲ್ಲಿ ಕೂರತೊಡಗಿದ. ನಾನು ಹೊರಗಿನ ಕಲ್ಲುಚಪ್ಪಡಿಯ ಮೇಲೆ. ದಿಟ್ಟಿಸಿ ನೋಡಬೇಡಿ, ಅದು ಬೇಟೆಯಾಡುವ ಪ್ರಾಣಿಯ ನೋಟ, ಎಂದು ಕಲಿಸಿದ. ಎದುರಿನಿಂದಲ್ಲ, ಹಿಂದಿನಿಂದಲ್ಲ, ಭುಜದ ಕಡೆಯಿಂದ ಹೋಗಬೇಕು; ಅವಳು ದೂರ ಸರಿಯುವ ಮೊದಲೇ ನಾವು ಸರಿದುಬಿಡಬೇಕು. "ಇದನ್ನ ಮದುವೆಯಾದ ವರ್ಷವೇ ಕಲಿತಿದ್ರೆ ನನಗೂ ಅನುಕೂಲ ಆಗ್ತಿತ್ತು" ಎಂದು ನನ್ನಾಕೆ ಹೇಳಿದ್ದೂ ಸುಳ್ಳಲ್ಲ. ವಾರಗಳಾದ ಮೇಲೆ ಅವನು ಕಡಿವಾಣವನ್ನು ಹೆಗಲಿಗೆ ಹಾಕಿಕೊಂಡು ಕೂತ. ಅವಳು ಮೂಸಿದಳು, ತುಟಿ ಚಪ್ಪರಿಸಿದಳು. ಒಂದು ಬೆಳಗ್ಗೆ ತಾನಾಗಿ ತಲೆ ತಗ್ಗಿಸಿ ಕಡಿವಾಣಕ್ಕೆ ಬಾಯಿ ಕೊಟ್ಟಳು. ಸಿದ್ದರಾಜು ಅವಳ ಕುತ್ತಿಗೆಗೆ ಮುಖವೊತ್ತಿ ಅತ್ತ. ನಾನೂ ಅತ್ತೆ, ಚಪ್ಪಡಿಯ ಮೇಲಿಂದಲೇ. ನನಗೆ ಹತ್ತಿರ ಹೋಗುವ ಧೈರ್ಯ ಇರಲಿಲ್ಲ.

ಆ ಸೈಟಿನಲ್ಲಿ ಈಗ ಕಟ್ಟಡ ಎದ್ದಿದೆ. ಅವರು ಬನಶಂಕರಿಯ ಆಚೆಗೆ ಹೋಗಿದ್ದಾರೆ. ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗಿ ದೂರದಲ್ಲಿ ಕೂತು ಬರುತ್ತೇನೆ. ಇಂದು ಊಟಕ್ಕೆ ಕೂರುವ ಹೊತ್ತಿಗೆ ಸಿದ್ದರಾಜುವಿನ ಫೋನು. "ಊರಲ್ಲಿ ಅಮ್ಮಂಗೆ ಹುಷಾರಿಲ್ಲ ಸಾರ್. ಎರಡು ದಿನ ಚಂದ್ರಿನ ನೋಡ್ಕೊಳ್ತೀರಾ?"

"ನಾನಾ? ಬೇರೆ ಯಾರೂ ಸಿಗ್ಲಿಲ್ವೇನಯ್ಯಾ?"

"ಬೇರೆಯವರಿದ್ರೆ ಅವಳು ನಿಂತೇ ಇರ್ತಾಳೆ ಸಾರ್. ನಂಬಿಕೆ ಇಲ್ದೆ ಕುದುರೆ ನೆಲಕ್ಕೆ ಮೈ ಹಾಕಲ್ಲ. ನೀವು ಬಂದು ಕೂತ್ರೆ ಮಲಗ್ತಾಳಲ್ಲ, ನೋಡಿಲ್ವಾ?"

ನೋಡಿದ್ದೆ. ಪ್ರತಿ ಭಾನುವಾರವೂ ನೋಡಿದ್ದೆ. ನನ್ನ ಮುಖ ನೋಡಲು ಇಷ್ಟವಿಲ್ಲದೆ ಮಲಗಿಬಿಡುತ್ತಾಳೆ ಎಂದುಕೊಂಡಿದ್ದೆ.