ಕೈಯಲ್ಲೇ ಬಿಗಿದ ಬೋಲ್ಟು

ಆಗೆಲ್ಲ ಸೈಕಲ್ಲೂ ನಮ್ಮ ಜೊತೆ ರೈಲಿನಲ್ಲಿ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಚೀಟಿ ಮಾಡಿಸಿ ಪ್ಯಾಸೆಂಜರ್ ಗಾಡಿಯ ಲಗೇಜ್ ಡಬ್ಬಿಗೆ ಏರಿಸುವುದು, ಧಾರವಾಡದಲ್ಲಿ ಇಳಿಸಿಕೊಂಡು ದಿನವೆಲ್ಲ ತುಳಿಯುವುದು, ಸಂಜೆಯ ಗಾಡಿಗೆ ವಾಪಸು ಬರುವುದು. ನಿಮ್ಮಲ್ಲೂ ಯಾರಾದರೂ ಹಾಗೆ ಹೋಗಿರಬಹುದು. ನಾನು ಹೋದದ್ದು ಒಂದೇ ಸಲ.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿ ಅಪ್ಪನದು ಸೈಕಲ್ ಅಂಗಡಿ. ರಿಪೇರಿ, ತಾಸಿನ ಬಾಡಿಗೆ. ಗ್ರೀಸಿನ ವಾಸನೆ ಅಪ್ಪನ ಅಂಗಿಯಿಂದ ನಮ್ಮ ರೊಟ್ಟಿ ಬುಟ್ಟಿಯವರೆಗೂ ಬರುತ್ತಿತ್ತು. ನಾವು ಮೂರು ಮಕ್ಕಳು: ಅಣ್ಣ ದಸ್ತಗೀರ, ನಾನು, ಆರು ವರ್ಷದ ತಂಗಿ ಮಾಬು. ನನಗೆ ಹನ್ನೆರಡು. ಹುಡುಗಿಯೆಂದು ಸಾಲಿ ಬಿಡಿಸಿ ಒಂದು ವರ್ಷವಾಗಿತ್ತು. ಸೈಕಲ್ಲನ್ನೂ ಬಿಡಿಸಲು ಅವ್ವ ಒಂದು ನೆಪ ಕಾಯುತ್ತಿದ್ದಳು.

ಆ ಸುಗ್ಗಿಯಲ್ಲಿ ಧಾರವಾಡದಾಚೆಯ ಗರಗದ ಅತ್ತೆ ಸೀತನಿ ತಿನ್ನಲು ಮಕ್ಕಳನ್ನು ಕಳಿಸಿರೆಂದು ಹೇಳಿಕಳಿಸಿದಳು. ಎಳೆ ಜೋಳದ ತೆನೆ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ತೆಗೆದ ಕಾಳು. ನೆನೆದರೆ ಈಗಲೂ ಬಾಯಲ್ಲಿ ನೀರು. ಧಾರವಾಡದವರೆಗಿನ ರಸ್ತೆಯಲ್ಲಿ ಲಾರಿಗಳ ಕಾಟ, ಅಷ್ಟು ದೂರ ರೈಲಿನಲ್ಲಿ ಹೋಗಿ, ಮುಂದೆ ಸೈಕಲ್ ತುಳಿಯಿರಿ ಎಂದ ಅಪ್ಪ.

ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು, "ಆಕಿನೂ ಸೈಕಲ್ ಮ್ಯಾಲ ಹೊಂಟಾಳೇನ್ರಿ?"

"ಹೋಗ್ಲಿ ಬಿಡ."

"ಹೋಗ್ಲಿ. ಆದ್ರ ಒಂದ ಸಣ್ಣ ತಪ್ಪಾತಂದ್ರ ಇದ ಕಡೀ ಸಲ. ಆಮ್ಯಾಲ ನಾ ಯಾರ ಮಾತೂ ಕೇಳಂಗಿಲ್ಲ."

ಅಪ್ಪ ಪಂಪು ತೆಗೆದುಕೊಂಡು ನನ್ನ ಸೈಕಲ್ಲಿಗೆ ಗಾಳಿ ಹೊಡೆಯತೊಡಗಿದ.

ಸೈಕಲ್ಲನ್ನು ರೈಲಿಗೆ ಹಾಕುವಾಗ ನಮ್ಮ ಅಂಗಡಿಯವರದು ಬೇರೆಯೇ ಪದ್ಧತಿ. ಹ್ಯಾಂಡಲ್ಲಿನ ನಡುವಿನ ಬೋಲ್ಟನ್ನು ಪಾನಾದಿಂದ ಸಡಿಲಿಸಿ, ಹ್ಯಾಂಡಲ್ಲನ್ನು ಗಾಲಿಯ ಸಾಲಿಗೇ ತಿರುಗಿಸುತ್ತಿದ್ದೆವು. ಆಗ ಸೈಕಲ್ಲುಗಳು ಗೋಡೆಗೆ ಚಪ್ಪಟೆಯಾಗಿ ಒರಗುತ್ತವೆ, ಗಾರ್ಡ್ ಬೈಯುವುದಿಲ್ಲ. ಇಳಿಸಿದ ಮೇಲೆ ನೇರ ಮಾಡಿ ಮತ್ತೆ ಬಿಗಿಯಬೇಕು. ಬೇರೆಯವರು ಇದ್ದ ಹಾಗೆಯೇ ತುರುಕುತ್ತಿದ್ದರು. ಅವರಿಗೆ ನನ್ನ ಗತಿ ಬರುವಂತಿರಲಿಲ್ಲ.

ಧಾರವಾಡದಲ್ಲಿ ಸೈಕಲ್ ಇಳಿಸಿದೆವು. ಅಣ್ಣ ತನ್ನದನ್ನು ಬಿಗಿದುಕೊಂಡು, ಪಾನಾ ನನ್ನ ಕೈಗೆ ಕೊಟ್ಟು, ಮಾಬುಗೆ ನೀರು ಕುಡಿಸಲು ನಳದ ಕಡೆ ಹೋದ. ನಾನು ಪಾನಾವನ್ನು ಡಬ್ಬಿಯ ಬಾಗಿಲಲ್ಲಿ ಇಟ್ಟು, ಮುಂದಿನ ಗಾಲಿಯನ್ನು ಮೊಣಕಾಲಲ್ಲಿ ಹಿಡಿದು ಹ್ಯಾಂಡಲ್ ನೇರ ಮಾಡುತ್ತಿದ್ದೆ. ಸೀಟಿ ಕೇಳಿ ತಿರುಗುವಷ್ಟರಲ್ಲಿ ಗಾಡಿ ಹೊರಟಿತ್ತು. ಪಾನಾ ಅದರ ಜೊತೆಯೇ ಹೋಯಿತು.

ಬೋಲ್ಟನ್ನು ಬೆರಳಿನಿಂದ ಆದಷ್ಟು ತಿರುಗಿಸಿದೆ. ಕಣ್ಣಿಗೆ ಬಿಗಿಯಾದಂತೆಯೇ ಕಂಡಿತು.

"ಬಿಗದಿಯೇನ?" ಅಣ್ಣ ಬಂದು ಕೇಳಿದ.

"ಬಿಗದೆ."

"ಪಾನಾ?"

"ಚೀಲದಾಗ ಐತಿ."

ಅಣ್ಣನ ಕ್ಯಾರಿಯರಿಗೆ ಅತ್ತೆಗೆ ಕೊಡುವ ಗಂಟು ಕಟ್ಟಿತ್ತು. ಹೀಗಾಗಿ ಮಾಬು ನನ್ನ ಹಿಂದೆ ಕುಳಿತಳು.

ಊರ ಅಂಚಿನಲ್ಲಿ ಒಂದು ಸೈಕಲ್ ಅಂಗಡಿ ಬಂತು. ಅಂಗಡಿಯವನು ಸುಮ್ಮನೆ ಕುಳಿತಿದ್ದ. ಎದುರಿಗೇ ಹಾದುಹೋದೆ, ಬಾಯಿ ತೆರೆಯಲಿಲ್ಲ. ತೆರೆದರೆ ಸುಳ್ಳು ಹೇಳಿದ್ದು ಬಯಲಾಗುತ್ತದೆ, ಅವ್ವನಿಗೆ ನೆಪ ಸಿಗುತ್ತದೆ. ಅದೊಂದೇ ತಲೆಯಲ್ಲಿ.

ಒಂದು ಮೈಲಿ ಏನೂ ಆಗಲಿಲ್ಲ. ಆಮೇಲೆ ಹ್ಯಾಂಡಲ್ ಸ್ವಲ್ಪ ಎಡಕ್ಕೆ ಸರಿಯಿತು, ಗಾಲಿ ಮಾತ್ರ ನೇರ ಹೋಗುತ್ತಿತ್ತು. ಮೆಲ್ಲಗೆ ಹಿಂದಕ್ಕೆ ತಂದೆ. ಮತ್ತೆ ಸರಿಯಿತು. ಎದುರಿಗೆ ಒಂದು ಚಕ್ಕಡಿ ಬಂದಾಗ ಹ್ಯಾಂಡಲ್ ತಿರುಗಿಸಲು ಧೈರ್ಯವಾಗದೆ ನೇರಕ್ಕೇ ಹೋದೆ. ಚಕ್ಕಡಿಯವನೇ ಎತ್ತುಗಳನ್ನು ಎಳೆದುಕೊಂಡು, "ಕಣ್ಣ ಮನ್ಯಾಗ ಇಟ್ಟ ಬಂದಿಯೇನವಾ?" ಎಂದು ಬೈದ. ಅಂಗೈ ಬೆವೆತು ಹಿಡಿ ಜಾರುತ್ತಿತ್ತು. ಮಾಬು ಹಿಂದೆ, ದಾರಿಗೆಂದು ಅವ್ವ ಕಟ್ಟಿಕೊಟ್ಟಿದ್ದ ರೊಟ್ಟಿ ಗಂಟು ಬಿಚ್ಚಿ, ಶೇಂಗಾ ಚಟ್ನಿ ನೆಕ್ಕುತ್ತ ಹಾಡಿಕೊಳ್ಳುತ್ತಿದ್ದಳು.

ಮೂರನೇ ಮೈಲಿಗೆ ಉದ್ದನೆಯ ಇಳಿಜಾರು ಬಂತು. ತಳದಲ್ಲಿ ಒಂದು ತಿರುವು, ತಿರುವಿನಲ್ಲಿ ಕಲ್ಲಿನ ಮೋರಿ. ಅಣ್ಣ ಆಗಲೇ ಇಳಿಯತೊಡಗಿದ್ದ.

"ಅಕ್ಕಾ, ಜೋರ್ ಬಿಡ! ಅಣ್ಣನ್ನ ಹಿಡಿ!" ಎಂದು ಮಾಬು ನನ್ನ ಸೊಂಟ ಅವಚಿಕೊಂಡಳು.

ಆ ಪುಟ್ಟ ಕೈ ಹೊಟ್ಟೆಯ ಮೇಲೆ ಬಿದ್ದದ್ದೇ ತಡ, ನಾನು ಬ್ರೇಕ್ ಹಿಡಿದು ಕಾಲು ಊರಿದೆ. "ಅಣ್ಣಾ, ನಿಲ್ಲೋ!"

ಅವನು ಸೈಕಲ್ ತಳ್ಳಿಕೊಂಡು ಏರಿ ಬಂದ. "ಯಾಕ, ಕಾಲ ಸೋತುವೇನ ಪೈಲ್ವಾನವ್ವಾ?"

"ಹ್ಯಾಂಡಲ್ ಬಿಗದಿಲ್ಲ. ಪಾನಾ ಗಾಡ್ಯಾಗ ಹೋತು."

ಅಣ್ಣ ಗಾಲಿಯನ್ನು ಮೊಣಕಾಲಲ್ಲಿ ಒತ್ತಿ ಹ್ಯಾಂಡಲ್ ತಿರುವಿದ. ಬಾಗಿಲ ಚಿಲಕದಂತೆ ಸರಕ್ಕನೆ ತಿರುಗಿತು. ಒಮ್ಮೆ ಮೋರಿಯ ಕಡೆ ನೋಡಿದ.

"ಮಾಬೂನ್ನ ಇಳಸ."

ಇಳಿಸಿದೆ.

"ಸ್ಟೇಷನ್ದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮನಿಗೆ ಒಯ್ತಿದ್ದಿ."

"ಈಗ ಒಯ್ಯಂಗಿಲ್ಲಂತ ತಿಳದಿಯೇನ?"

"ಅವ್ವಗ ಹೇಳಬ್ಯಾಡೋ ಅಣ್ಣಾ."

ಅವನು ಬಂದ ದಾರಿಗೇ ಸೈಕಲ್ ತಿರುಗಿಸಿದ. ಎಷ್ಟು ಹೆದರಿದ್ದನೆಂದರೆ ತನ್ನ ಸೈಕಲ್ಲಿನ ಮೇಲೂ ಮಾಬುವನ್ನು ಕೂರಿಸಲಿಲ್ಲ. ಮೂವರೂ ಬಿಸಿಲಲ್ಲಿ ನಡೆದೆವು. ಮಾಬು ಸೀತನಿಗಾಗಿ ದಾರಿಯುದ್ದಕ್ಕೂ ಅತ್ತಳು. ಊರ ಅಂಚಿನ ಆ ಅಂಗಡಿಯವನು ಪಾನಾ ಹಾಕಿ ಬೋಲ್ಟು ಬಿಗಿದುಕೊಟ್ಟ. ಎರಡು ಸುತ್ತು, ಅಷ್ಟೇ. ಆದರೂ ಅಣ್ಣ ಗರಗಕ್ಕೆ ಒಪ್ಪಲಿಲ್ಲ. ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಗೆ ಬಂದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಅಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಕೇಳಿದ, "ಎಷ್ಟ ದೂರ ಹೊಡದಿ?"

"ಮೂರ ಮೈಲಿ."

"ಮಾಬೂನ್ನ ಹಿಂದ ಕುಂಡ್ರಿಸ್ಕೊಂಡು?"

"ಹೂಂ. ಆದ್ರ ನಾನ ಹೇಳಿದ್ನೆಪಾ. ಇಳಿಜಾರದಾಗ ನಾನ ನಿಂದ್ರಿಸಿ ಹೇಳಿದೆ."

"ಮುಗೀತಲ್ಲ," ಎಂದಳು ಅವ್ವ. ಬೈಯಲೂ ಇಲ್ಲ. ನಾನು ಅಪ್ಪನ ಮುಖ ನೋಡಿದೆ, ಒಂದು ಮಾತಾದರೂ ನನ್ನ ಪರ ಆಡಿಯಾನು ಎಂದು. ಅವನು ಅರಿವೆಯಿಂದ ಕೈ ಒರೆಸುತ್ತಲೇ ಇದ್ದ.

ಈಗ ಅಪ್ಪನ ಅಂಗಡಿಯಿದ್ದಲ್ಲಿ ಮೊಬೈಲ್ ಕವರು ಮಾರುತ್ತಾರೆ. ಅದಕ್ಕೆಲ್ಲ ನಾನು ಅಳುವವಳಲ್ಲ, ಅಂಗಡಿ ಅಂದ ಮೇಲೆ ಬದಲಾಗುತ್ತದೆ. ಮಾಬು ಮೊಮ್ಮಕ್ಕಳ ಎದುರು ಇಂದಿಗೂ, "ಸೀತನಿ ತಪ್ಪಿಸಿ ನನ್ನ ಬಿಸಲಾಗ ನಡಿಸಿದಾಕಿ ಈಕೀನ" ಎಂದು ನನ್ನನ್ನು ತೋರಿಸುತ್ತಾಳೆ. ಅನ್ನಲಿ, ಅನ್ನಲು ಆಕೆ ಇದ್ದಾಳಲ್ಲ. ಖರೇ ಹೇಳಿದ್ದು ಛಲೋ ಆಯಿತೆಂದು ಎಲ್ಲರೂ ಅನ್ನುತ್ತಾರೆ. ಛಲೋನೇ ಆಯಿತು. ನನಗೆ ಅದರಿಂದ ಖುಷಿಯಾಯಿತೆಂದು ಮಾತ್ರ ಬರೆಯಲಾರೆ. ಹನ್ನೆರಡನೇ ವಯಸ್ಸಿಗೆ ಸೈಕಲ್ ಇಳಿದವಳು ಮತ್ತೆ ಹತ್ತಲಿಲ್ಲ. ಆ ಮೂರು ಮೈಲಿಯೇ ನನ್ನ ಕಡೆಯ ಸವಾರಿ, ಅದನ್ನೂ ಬೋಲ್ಟು ನೋಡುತ್ತಲೇ ಕಳೆದೆ. ಆ ದಾರಿಯ ಎಡಬಲಕ್ಕೆ ಏನು ಬೆಳೆದಿತ್ತೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.